ದಂಟಿನ ಎಲೆ ಏಕೆ ಚಿಗುರುವುದಿಲ್ಲ?

ಕಾಡುಬಸಳೆಯ ಎಲೆಯನ್ನು ಕಿತ್ತು ಪುಸ್ತಕದ ನಡುವೆ ಇಟ್ಟು ಮರೆತವರು ಮಲೆನಾಡಿನಲ್ಲಿ ಎಷ್ಟೋ ಮಂದಿ ಸಿಗುತ್ತಾರೆ. ಕೆಲವು ದಿನ ಕಳೆದು ಪುಸ್ತಕ ತೆರೆದರೆ ಎಲೆಯಂಚಿನ ಕಚ್ಚುಗಳಲ್ಲಿ ಸಾಸಿವೆ ಕಾಳಿನಷ್ಟು ಪುಟ್ಟ ಗಿಡಗಳು, ಅವುಗಳ ಕೆಳಗೆ ಕೂದಲೆಳೆಯಂಥ ಬೇರು. ಮಣ್ಣಿಲ್ಲ, ನೀರಿಲ್ಲ, ಬೀಜವಂತೂ ಇಲ್ಲವೇ ಇಲ್ಲ. ಅದೇ ಹಿತ್ತಲಿನ ದಂಟಿನ ಎಲೆ ಕಿತ್ತಿಟ್ಟರೆ ಸಂಜೆಗೆ ಬಾಡುತ್ತದೆ, ಎರಡು ದಿನಕ್ಕೆ ಕೊಳೆಯುತ್ತದೆ.

ಎರಡೂ ಎಲೆಗಳ ಒಂದೊಂದು ಜೀವಕೋಶದಲ್ಲೂ ಇಡೀ ಗಿಡವನ್ನು ಕಟ್ಟಲು ಬೇಕಾದ ಜೀನ್‌ಗಳು ಪೂರ್ತಿ ಇವೆ. ಹಾಗಿದ್ದೂ ಒಂದು ಚಿಗುರುತ್ತದೆ, ಇನ್ನೊಂದು ಚಿಗುರುವುದಿಲ್ಲ. ಈ ವ್ಯತ್ಯಾಸ ಎಲ್ಲಿಂದ ಬಂತು ಎನ್ನುವುದೇ ಸಸ್ಯ ಅಂಗಾಂಶ ಕೃಷಿಯ ಬುಡದಲ್ಲಿರುವ ಪ್ರಶ್ನೆ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇವಿಸ್ ಕೇಂದ್ರದಲ್ಲಿ ನೀಲಿಮಾ ಸಿನ್ಹಾ ಅವರ ತಂಡ 2007ರಲ್ಲಿ ಕಾಡುಬಸಳೆಯ ಕುಲದ ಗಿಡಗಳನ್ನು ಹಿಡಿದು ಇದಕ್ಕೆ ಅರ್ಧ ಉತ್ತರ ಕೊಟ್ಟಿತು. ಸಾಮಾನ್ಯವಾಗಿ ಕುಡಿಯ ತುದಿಯಲ್ಲಷ್ಟೇ ಕೆಲಸ ಮಾಡುವ ‘ಶೂಟ್ ಮೆರಿಸ್ಟೆಮ್‌ಲೆಸ್’ ಎಂಬ ಜೀನ್ ಈ ಗಿಡಗಳಲ್ಲಿ ಎಲೆಯಂಚಿಗೂ ಬಂದು ಕೂತಿದೆ. ಅದನ್ನು ಅಡಗಿಸಿದರೆ ಮರಿಗಿಡಗಳು ಹುಟ್ಟುವುದಿಲ್ಲ. ಕೀಳದಿದ್ದರೂ ಎಲೆಯ ಮೇಲೆ ಮರಿ ಹಾಕುತ್ತಲೇ ಇರುವ ಜಾತಿಯಲ್ಲಿ, ಬೀಜದೊಳಗಿನ ಭ್ರೂಣಕ್ಕೆ ಸೇರಿದ ‘ಲೆಕ್-1’ ಜೀನ್ ಕೂಡ ಎಲೆಗೆ ಇಳಿದಿತ್ತು. ಆದರೆ ಅದು ತುಂಡಾದ ರೂಪದಲ್ಲಿತ್ತು, ಆ ಜಾತಿ ಮೊಳೆಯಬಲ್ಲ ಬೀಜ ಕಟ್ಟುವ ಶಕ್ತಿಯನ್ನು ಕಳೆದುಕೊಂಡಿತ್ತು.

ಸೊಪ್ಪಿನ ಬೆಳೆಗಳಿಗೆ ತುಂಡಿನಿಂದ ಗಿಡ ಬರಿಸುವ ಈ ವಿದ್ಯೆ ಏಕೆ ಬೇಕು? ಹಿಡಿ ಬೀಜ ಚೆಲ್ಲಿದರೆ ತಿಂಗಳೊಳಗೆ ಕಟ್ಟು ಕಟ್ಟು ಸೊಪ್ಪು ಬರುತ್ತದೆ. ಬಾಳೆಯ ಹಾಗೆ ಗಾಜಿನ ಬಾಟಲಿಯಲ್ಲಿ ಸಸಿ ಮಾಡುವ ಅಗತ್ಯವಿಲ್ಲ. ಆ ಕಾರಣಕ್ಕೇ ಸೊಪ್ಪುಗಳು ಅಂಗಾಂಶ ಕೃಷಿಯ ಸಾಲಿನಲ್ಲಿ ಹಿಂದೆ ಉಳಿದವು. ಜೀನ್ ತಿದ್ದುವ ತಂತ್ರ ಬಂದ ಮೇಲೆ ಲೆಕ್ಕ ಬದಲಾಯಿತು. ತಿದ್ದುಪಡಿ ನಡೆಯುವುದು ಒಂದು ಜೀವಕೋಶದಲ್ಲಿ. ಆ ಕೋಶದಿಂದ ಇಡೀ ಗಿಡ ಏಳದಿದ್ದರೆ ತಿದ್ದಿಯೂ ಪ್ರಯೋಜನವಿಲ್ಲ. ಮೂತ್ರಪಿಂಡದಲ್ಲಿ ಕಲ್ಲಾದವರಿಗೆ ವೈದ್ಯರು ಪಾಲಕ್, ದಂಟು ಕಡಿಮೆ ಮಾಡಿ ಎನ್ನುತ್ತಾರೆ. ಆ ಸೊಪ್ಪುಗಳಲ್ಲಿರುವ ಆಕ್ಸಲೇಟ್ ಅದಕ್ಕೆ ಕಾರಣ. ಆಕ್ಸಲೇಟ್ ತಗ್ಗಿದ ತಳಿಯನ್ನು ಜೀನ್ ತಿದ್ದಿ ಪಡೆಯಬೇಕೆಂದರೆ ಮೊದಲು ದಾಟಬೇಕಾದ ಹೊಸ್ತಿಲು ಇದೇ: ತುಂಡಿನಿಂದ ಗಿಡ ಬರಿಸುವುದು.

ಈ ವಿದ್ಯೆಯ ಹಳೆಯ ಕಥೆಯನ್ನು ಚಿಕ್ಕದಾಗಿ ಹೇಳಬಹುದು. ಆಸ್ಟ್ರಿಯಾದ ಗಾಟ್ಲೀಬ್ ಹ್ಯಾಬರ್‌ಲ್ಯಾಂಟ್ 1902ರಲ್ಲಿ ಬಿಡಿ ಕೋಶಗಳನ್ನು ದ್ರಾವಣದಲ್ಲಿಟ್ಟು ಗಿಡವಾಗುತ್ತವೆಯೇ ಎಂದು ಕಾದರು. ಕೋಶಗಳು ಬದುಕಿದವು, ಒಡೆದು ಎರಡಾಗಲಿಲ್ಲ. ಅವುಗಳಿಗೆ ಬೇಕಾದ ಹಾರ್ಮೋನುಗಳು ಆಗಿನ್ನೂ ಯಾರಿಗೂ ಗೊತ್ತಿರಲಿಲ್ಲ. 1957ರಲ್ಲಿ ಅಮೆರಿಕದ ಸ್ಕೂಗ್ ಮತ್ತು ಮಿಲ್ಲರ್ ತಂಬಾಕಿನ ಕಾಂಡದ ತಿರುಳಿನಲ್ಲಿ ಸೂತ್ರ ಕಂಡುಕೊಂಡರು: ಆಕ್ಸಿನ್ ಹೆಚ್ಚಾದರೆ ಬೇರು, ಸೈಟೊಕೈನಿನ್ ಹೆಚ್ಚಾದರೆ ಚಿಗುರು, ಎರಡೂ ಹದವಾಗಿದ್ದರೆ ಕ್ಯಾಲಸ್ ಎಂಬ ಆಕಾರವಿಲ್ಲದ ಗಂಟು. ಮುರಾಶಿಗೆ ಮತ್ತು ಸ್ಕೂಗ್ 1962ರಲ್ಲಿ ಪ್ರಕಟಿಸಿದ ಲವಣಗಳ ಮಿಶ್ರಣವನ್ನು ಇವತ್ತಿಗೂ ಎಲ್ಲ ಪ್ರಯೋಗಾಲಯಗಳಲ್ಲಿ ‘ಎಂಎಸ್ ಮಾಧ್ಯಮ’ ಎನ್ನುತ್ತಾರೆ. ಆಮೇಲಿನ ಹಲವು ದಶಕ ಕೆಲಸ ನಡೆದದ್ದು ಅಡುಗೆಮನೆಯ ಹದದಲ್ಲೇ, ಇದು ಸ್ವಲ್ಪ ಹೆಚ್ಚು, ಅದು ಸ್ವಲ್ಪ ಕಡಿಮೆ. ಒಳಗೆ ಯಾವ ಜೀನ್ ಎದ್ದಿತು, ಯಾವುದು ಮಲಗಿತು ಎಂದು ನೋಡುವ ಕಣ್ಣು ಬಂದದ್ದು ತೀರ ಇತ್ತೀಚೆಗೆ.

ಆ ಕಣ್ಣು ಮೊದಲು ತೆರೆದದ್ದು ಅರಾಬಿಡಾಪ್ಸಿಸ್ ಎಂಬ ಕಳೆಗಿಡದಲ್ಲಿ. ಅದು ಸಾಸಿವೆ, ಎಲೆಕೋಸಿನ ಬಂಧು, 2000ದಲ್ಲಿ ಪೂರ್ತಿ ಜೀನೋಮ್ ಓದಿಸಿಕೊಂಡ ಮೊದಲ ಸಸ್ಯ. ಅದರ ತುಂಡನ್ನು ಮೊದಲು ಆಕ್ಸಿನ್ ಹೆಚ್ಚಿರುವ ಮಾಧ್ಯಮದಲ್ಲಿಟ್ಟು ಕ್ಯಾಲಸ್ ಬರಿಸುತ್ತಾರೆ, ಆಮೇಲೆ ಸೈಟೊಕೈನಿನ್ ಹೆಚ್ಚಿರುವ ಮಾಧ್ಯಮಕ್ಕೆ ಬದಲಿಸಿ ಚಿಗುರು ಬರಿಸುತ್ತಾರೆ. ಕ್ಯಾಲಸ್ ಎಂದರೆ ತನ್ನ ಗುರುತನ್ನೆಲ್ಲ ಮರೆತ ಕೋಶಗಳ ಮುದ್ದೆ ಎಂದು ಪಠ್ಯಪುಸ್ತಕಗಳು ಹೇಳುತ್ತಿದ್ದವು. 2010ರಲ್ಲಿ ಕಾವೊರು ಸುಗಿಮೊಟೊ ಮತ್ತು ಎಲಿಯಟ್ ಮೆಯೆರೊವಿಟ್ಸ್ ತಂಡ ಆ ನಂಬಿಕೆಯನ್ನು ಅಲುಗಾಡಿಸಿತು. ಎಲೆಯಿಂದ ಬರಲಿ, ದಳದಿಂದ ಬರಲಿ, ಈ ಕ್ಯಾಲಸ್‌ನಲ್ಲಿ ಚುರುಕಾಗಿರುವುದು ಬೇರಿನ ಜೀನ್‌ಗಳು. ಗಾಯಗೊಂಡ ಎಲೆ ಮೊದಲು ಪಕ್ಕಬೇರಿನ ಮೊಗ್ಗಿನಂತೆ ವರ್ತಿಸುತ್ತದೆ, ಆಮೇಲೆ ಅಲ್ಲಿಂದ ಚಿಗುರಿನ ದಾರಿ ಹಿಡಿಯುತ್ತದೆ. ಇಡೀ ಕ್ಷೇತ್ರದಲ್ಲಿ ಇದಕ್ಕಿಂತ ಸೋಜಿಗದ ಸಂಗತಿ ಇನ್ನೊಂದಿಲ್ಲ.

ಹೆಜ್ಜೆ ಹೆಜ್ಜೆಯಾಗಿ ನೋಡಿದರೆ ಅದು ಹೀಗೆ ಸಾಗುತ್ತದೆ. ಬ್ಲೇಡು ತಾಗಿದ ನಿಮಿಷಗಳಲ್ಲೇ ಗಾಯದ ಸುದ್ದಿ ಹೊರುವ ಜಾಸ್ಮೊನೇಟ್ ಏರುತ್ತದೆ, ಅದರ ಬೆನ್ನಿಗೆ ಆಕ್ಸಿನ್ ತಯಾರಿಸುವ ಜೀನ್‌ಗಳು ಏಳುತ್ತವೆ. ಜಪಾನಿನ ರಿಕೆನ್ ಸಂಸ್ಥೆಯಲ್ಲಿ ಕೈಕೊ ಸುಗಿಮೊಟೊ ಅವರ ತಂಡ 2011ರಲ್ಲಿ ವರದಿ ಮಾಡಿದ ‘ವಿಂಡ್-1’ ಜೀನ್ ಕೊಯ್ದ ಅಂಚಿನಲ್ಲಿ ಎದ್ದು, ಕೋಶಗಳನ್ನು ಹಳೆಯ ಕೆಲಸದಿಂದ ಬಿಡಿಸುತ್ತದೆ. ಅಲ್ಲಿಗೆ ಸಾಗಿ ಬಂದ ಆಕ್ಸಿನ್ ‘ವಾಕ್ಸ್-11’ ಜೀನನ್ನು ಎಬ್ಬಿಸುತ್ತದೆ. ಅದರ ನಂತರ ಎಲ್‌ಬಿಡಿ ಗುಂಪಿನ ಜೀನ್‌ಗಳು, ‘ವಾಕ್ಸ್-5’, ಪ್ಲೆಥೋರಾ ಗುಂಪು. ಮಾಧ್ಯಮ ಬದಲಿಸಿ ಸೈಟೊಕೈನಿನ್ ಕೊಟ್ಟಾಗ ‘ವುಶೆಲ್’ ಏಳುತ್ತದೆ. ಜರ್ಮನ್ ಭಾಷೆಯಲ್ಲಿ ಆ ಹೆಸರಿಗೆ ಕೆದರಿದ ತಲೆ ಎಂಬ ಅರ್ಥವಿದೆ. ಆ ಜೀನ್ ಕೆಟ್ಟುಹೋದ ಗಿಡದ ಕುಡಿ ಹಾಗೆ ಕಾಣುತ್ತದೆ. ವುಶೆಲ್ ಎದ್ದ ಕಡೆ ಕಾಂಡಕೋಶಗಳ ಗೂಡು ಕಟ್ಟುತ್ತದೆ, ಚಿಗುರು ಅಲ್ಲಿಂದ ಮೇಲೇಳುತ್ತದೆ.

ಈ ಸರಪಳಿಯಲ್ಲಿ ಭಾರತದ ಒಂದು ಕೊಂಡಿಯೂ ಇದೆ. ತಿರುವನಂತಪುರದ ಸಂಶೋಧನಾ ಸಂಸ್ಥೆ ಐಸರ್‌ನಲ್ಲಿದ್ದಾಗ ಕಾಲಿಕಾ ಪ್ರಸಾದ್ ಅವರ ತಂಡ 2015ರಲ್ಲಿ ಪ್ಲೆಥೋರಾ 3, 5, 7 ಎಂಬ ಮೂರು ಜೀನ್‌ಗಳ ಕೆಲಸವನ್ನು ಬಿಡಿಸಿ ತೋರಿಸಿತು. ಅವು ಮೊದಲು ಬೇರಿನ ಜೀನ್‌ಗಳನ್ನು ಎಬ್ಬಿಸಿ ಕ್ಯಾಲಸ್‌ಗೆ ಚಿಗುರುವ ಅರ್ಹತೆ ತರುತ್ತವೆ. ಆಮೇಲೆ ‘ಕಪ್ ಶೇಪ್ಡ್ ಕಾಟಿಲಿಡನ್-2’ ಎಂಬ ಇನ್ನೊಂದು ಜೀನಿನ ಮೂಲಕ ಚಿಗುರನ್ನು ಪೂರ್ತಿ ಮಾಡಿಸುತ್ತವೆ. ಮೂರೂ ಇಲ್ಲದ ಗಿಡದಲ್ಲಿ ಕ್ಯಾಲಸ್ ಬರುತ್ತದೆ, ಚಿಗುರು ಮಾತ್ರ ಬರುವುದಿಲ್ಲ. ನೋಡುವುದಕ್ಕೆ ಚೆನ್ನಾಗಿ ಉಬ್ಬಿ ನಿಂತು ಮುಂದೆ ಏನೂ ಆಗದ ಕ್ಯಾಲಸ್ ಅಂಗಾಂಶ ಕೃಷಿ ಮಾಡುವವರಿಗೆಲ್ಲ ಪರಿಚಿತ. ಆ ನಿರಾಶೆಗೆ ಒಂದು ಕಾರಣ ಸಿಕ್ಕಿತು.

ಇನ್ನು ಸೊಪ್ಪುಗಳಿಗೆ ಬರಬಹುದು. ಅವುಗಳಲ್ಲಿ ಮಾತು ಕೇಳುವ ಮಗು ಲೆಟ್ಯೂಸ್. ಐದಾರು ದಿನದ ಮೊಳಕೆಯ ಬೀಜದಳ ಕಿರುಬೆರಳಿನ ಉಗುರಿನಷ್ಟಿರುತ್ತದೆ. ದೀಪದಲ್ಲಿ ಕಾಯಿಸಿ ಆರಿಸಿದ ಬ್ಲೇಡಿನಿಂದ ಅದರ ಎರಡು ತುದಿ ಕೊಯ್ದು ಅಗರ್ ಮೇಲೆ ಮಲಗಿಸುತ್ತಾರೆ. ಮೂರು ನಾಲ್ಕು ದಿನಕ್ಕೆ ಕೊಯ್ದ ಅಂಚು ಉಬ್ಬಿ ತುಂಡು ಬಾಗುತ್ತದೆ. ವಾರ ದಾಟುವ ಹೊತ್ತಿಗೆ ಅಂಚಿನ ಉದ್ದಕ್ಕೂ ನೆನೆದ ರವೆಯಂಥ ಮಸುಕು ಹಸಿರು ಕ್ಯಾಲಸ್. ಅದರಲ್ಲಿ ಅಲ್ಲಲ್ಲಿ ಕಡುಹಸಿರು ಚುಕ್ಕೆಗಳು ಮೂಡುತ್ತವೆ, ಅವು ಎಲೆಯಾಗಿ ಬಿಚ್ಚಿಕೊಳ್ಳಲು ಇನ್ನೂ ಒಂದೆರಡು ವಾರ ಹಿಡಿಯುತ್ತದೆ. ಕಣ್ಣಿಗೆ ಚುಕ್ಕೆ ಕಾಣುವ ಮೊದಲೇ ಒಳಗೆ ತೀರ್ಮಾನ ಮುಗಿದಿರುತ್ತದೆ. ಹಾಗಾಗಿ ಜೀನ್‌ಗಳ ಲೆಕ್ಕ ಹಿಡಿಯುವವರಿಗೆ ಏನೂ ನಡೆಯದಂತೆ ಕಾಣುವ ಮೊದಲ ದಿನಗಳೇ ಮುಖ್ಯ.

ಬೀಜದಳವನ್ನೇ ಏಕೆ ಆರಿಸುತ್ತಾರೆ ಎನ್ನುವುದಕ್ಕೂ ಜೀನ್‌ಗಳಲ್ಲಿ ಕಾರಣವಿದೆ. ಗಿಡ ಎಳೆಯದಾಗಿದ್ದಾಗ ‘ಮೈಕ್ರೊ ಆರ್‌ಎನ್‌ಎ 156’ ಎಂಬ ಪುಟ್ಟ ಅಣು ಹೇರಳವಾಗಿರುತ್ತದೆ. ವಯಸ್ಸಾದಂತೆ ಅದು ತಗ್ಗಿ, ಅದರ ಹಿಡಿತದಲ್ಲಿದ್ದ ಎಸ್‌ಪಿಎಲ್ ಜೀನ್‌ಗಳು ತಲೆಯೆತ್ತುತ್ತವೆ. ಅವು ಸೈಟೊಕೈನಿನ್ ಸಂದೇಶವನ್ನು ಮಂಕುಗೊಳಿಸುತ್ತವೆ ಎಂದು ಅರಾಬಿಡಾಪ್ಸಿಸ್‌ನಲ್ಲಿ 2015ರಲ್ಲಿ ಚೀನಾದ ವಿಜ್ಞಾನಿಗಳು ತೋರಿಸಿದರು. ಬಲಿತ ಎಲೆಗೆ ಎಷ್ಟು ಹಾರ್ಮೋನು ಕೊಟ್ಟರೂ ಕೇಳಿಸಿಕೊಳ್ಳದಿರುವುದು ಅದಕ್ಕೇ.

ಲೆಟ್ಯೂಸ್ ಸುಲಭವಾಗಿ ಚಿಗುರುವುದರಿಂದ ಸೊಪ್ಪುಗಳ ಪೈಕಿ ಹೊಸ ಪ್ರಯೋಗಗಳು ಹೆಚ್ಚಾಗಿ ಅದರಲ್ಲೇ ಮೊದಲು ನಡೆದವು. ರಿಚರ್ಡ್ ಮಿಚೆಲ್‌ಮೋರ್ ತಂಡ 1987ರಲ್ಲಿ ಅದಕ್ಕೆ ಹೊರಗಿನ ಜೀನ್ ಸೇರಿಸಿತು. 2015ರಲ್ಲಿ ಕೊರಿಯಾದ ವಿಜ್ಞಾನಿಗಳು ಕೋಶಗೋಡೆ ಕಳಚಿದ ಲೆಟ್ಯೂಸ್ ಕೋಶಗಳಿಗೆ ಜೀನ್ ತಿದ್ದುವ ಕ್ರಿಸ್ಪರ್ ಕತ್ತರಿಯನ್ನು ಪ್ರೋಟೀನ್ ರೂಪದಲ್ಲೇ ಕೊಟ್ಟು, ಹೊರಗಿನ ಡಿಎನ್‌ಎ ಒಂದಿಷ್ಟೂ ಸೇರದಂತೆ ತಿದ್ದಿದರು. ಮರುಬೆಳೆದವುಗಳಲ್ಲಿ ಶೇ 46ರಷ್ಟರಲ್ಲಿ ತಿದ್ದುಪಡಿ ಸಿಕ್ಕಿತು. 2018ರಲ್ಲಿ ಚೀನಾದಲ್ಲಿ ಒಂದು ಜೀನಿನ ಮುಂಭಾಗವನ್ನು ತಿದ್ದಿ ಲೆಟ್ಯೂಸ್‌ನ ವಿಟಮಿನ್ ಸಿ ಪ್ರಮಾಣವನ್ನು ಶೇ 150ರಷ್ಟು ಏರಿಸಿದರು.

ಈಚಿನ ಮಹತ್ವದ ಹೆಜ್ಜೆ ಜಿಆರ್‌ಎಫ್ ಮತ್ತು ಜಿಐಎಫ್ ಎಂಬ ಎರಡು ಪ್ರೋಟೀನ್‌ಗಳನ್ನು ಬೆಸೆದದ್ದು. ಎಲೆಯಲ್ಲಿ ಕೋಶಗಳು ಎಷ್ಟು ಕಾಲ ಒಡೆಯುತ್ತಿರಬೇಕು ಎಂದು ನಿರ್ಧರಿಸುವುದರಲ್ಲಿ ಇವೆರಡರ ಪಾಲಿದೆ. 2020ರಲ್ಲಿ ಗೋಧಿಯಲ್ಲಿ ಈ ಜೋಡಿ ಚಿಗುರುವಿಕೆಯನ್ನು ಹಲವು ಪಟ್ಟು ಹೆಚ್ಚಿಸಿತು. 2023ರಲ್ಲಿ ಡೇವಿಸ್‌ನ ತಂಡ ಅದನ್ನು ಲೆಟ್ಯೂಸ್‌ಗೂ ತಂದಿತು. ‘ಮೈಕ್ರೊ ಆರ್‌ಎನ್‌ಎ 396’ ಎಂಬ ಪುಟ್ಟ ಅಣು ಜಿಆರ್‌ಎಫ್ ಸಂದೇಶವನ್ನು ಕತ್ತರಿಸುತ್ತಿರುತ್ತದೆ; ಆ ಕತ್ತರಿ ತಾಗದಂತೆ ತಿದ್ದಿದ ರೂಪ ಇನ್ನೂ ಚೆನ್ನಾಗಿ ಕೆಲಸ ಮಾಡುತ್ತದೆ. ಗಿಡ ತನ್ನ ಬೆಳವಣಿಗೆಗೆ ತಾನೇ ಹಾಕಿಕೊಂಡ ಕಡಿವಾಣ ಎಲ್ಲಿದೆ ಎನ್ನುವುದು ಇದರಿಂದ ಗೊತ್ತಾಗುತ್ತದೆ.

ಕೋಸಿನ ಬಳಗ ನಡುವೆ ನಿಲ್ಲುತ್ತದೆ. ‘ಬೇಬಿ ಬೂಮ್’ ಎಂಬ ಪ್ರಸಿದ್ಧ ಜೀನ್ ಸಿಕ್ಕಿದ್ದು ಅಲ್ಲೇ. ಎಣ್ಣೆಸಾಸಿವೆಯ ಎಳೆ ಪರಾಗಕಣಗಳಿಗೆ 32 ಡಿಗ್ರಿಯ ಬಿಸಿ ಕೊಟ್ಟರೆ ಅವು ಪರಾಗವಾಗುವುದನ್ನು ಬಿಟ್ಟು ಭ್ರೂಣಗಳಾಗುತ್ತವೆ. ಆ ತಿರುವಿನಲ್ಲಿ ಎದ್ದ ಜೀನನ್ನು 2002ರಲ್ಲಿ ವಾಗನಿಂಗನ್‌ನ ಕಿಮ್ ಬುಟಿಲಿಯೆ ಮತ್ತು ಸಂಗಡಿಗರು ಹಿಡಿದರು. ಅದನ್ನು ಎಲೆಯಲ್ಲಿ ಎಬ್ಬಿಸಿದರೆ ಎಲೆಯ ಮೇಲೇ ಭ್ರೂಣಗಳು ಮೂಡುತ್ತವೆ. ಆದರೆ ಚೀನೀ ಕೋಸು, ಟರ್ನಿಪ್‌ಗಳ ಜಾತಿ ಬಾಟಲಿಯಲ್ಲಿ ಮೊಂಡು. ಮುಚ್ಚಿದ ಬಾಟಲಿಯಲ್ಲಿ ಸೇರಿಕೊಳ್ಳುವ ಎಥಿಲೀನ್ ಅನಿಲ ಚಿಗುರನ್ನು ತಡೆಯುತ್ತದೆ. ಮಾಧ್ಯಮಕ್ಕೆ ಚೂರು ಸಿಲ್ವರ್ ನೈಟ್ರೇಟ್ ಸೇರಿಸಿದರೆ ತಡೆ ಸಡಿಲವಾಗುತ್ತದೆ. ಬಾಳೆಕಾಯಿಯನ್ನು ಹಣ್ಣಾಗಿಸುವ ಅನಿಲವೇ ಇಲ್ಲಿ ಚಿಗುರಿನ ಶತ್ರು. ಈ ಬಳಗದ ತಿದ್ದಿದ ಸೊಪ್ಪು ಊಟದ ತಟ್ಟೆಯನ್ನೂ ಮುಟ್ಟಿದೆ: ಘಾಟು ಕಡಿಮೆ ಮಾಡಿದ ಸಾಸಿವೆ ಸೊಪ್ಪು 2023ರಲ್ಲಿ ಅಮೆರಿಕದಲ್ಲಿ ಬಿಡುಗಡೆಯಾಯಿತು.

ಮೊಂಡುತನದಲ್ಲಿ ಹೆಸರಾದದ್ದು ಸ್ಪಿನಾಚ್. ಅದರ ಎಲೆ, ಬೀಜದಳಗಳಿಗಿಂತ ಬೇರಿನ ತುಂಡುಗಳೇ ಚೆನ್ನಾಗಿ ಸ್ಪಂದಿಸುತ್ತವೆ. ಅವು ನೇರವಾಗಿ ಚಿಗುರದೆ ಬೀಜವಿಲ್ಲದ ಭ್ರೂಣಗಳನ್ನು ಕೊಡುತ್ತವೆ. ಅದಕ್ಕೆ ಆಕ್ಸಿನ್ ಜೊತೆ ಜಿಬ್ಬರೆಲಿನ್ ಎಂಬ ಇನ್ನೊಂದು ಹಾರ್ಮೋನು ಬೇಕು, ದಿನದ ಬೆಳಕೂ ಉದ್ದವಿರಬೇಕು. ಬೇರೆ ಬಹುತೇಕ ಗಿಡಗಳಲ್ಲಿ ಲೆಕ್ಕ ತಿರುಗುಮುರುಗು: ಕುಡಿಯ ತುದಿಯಲ್ಲಿ ಶೂಟ್ ಮೆರಿಸ್ಟೆಮ್‌ಲೆಸ್‌ನಂಥ ಜೀನ್‌ಗಳು ಜಿಬ್ಬರೆಲಿನ್ ತಯಾರಿಕೆಯನ್ನು ಅದುಮಿಯೇ ಕಾಂಡಕೋಶಗಳನ್ನು ಕಾಯುತ್ತವೆ. ಸ್ಪಿನಾಚ್ ಏಕೆ ಹಾಗಲ್ಲ? ಉದ್ದ ಹಗಲಿನಲ್ಲಿ ಜಿಬ್ಬರೆಲಿನ್ ಕಿಣ್ವದ ಜೀನ್ ಚುರುಕಾಗಿ ಅದು ಹೂದಂಟು ಎತ್ತುತ್ತದೆ ಎನ್ನುವುದು ಮೊದಲಿಂದ ಗೊತ್ತಿತ್ತು. ಸರ್ಬಿಯಾದ ಬೆಲ್‌ಗ್ರೇಡ್‌ನ ವಿಜ್ಞಾನಿಗಳು ಆ ಕಿಣ್ವಗಳ ಜೀನ್‌ಗಳನ್ನೇ ಬೇರಿನ ತುಂಡುಗಳಲ್ಲಿ ಅಳೆದು, ಬೆಳಕು, ಜಿಬ್ಬರೆಲಿನ್ ಮತ್ತು ಭ್ರೂಣ ಮೂಡುವುದರ ನಡುವಿನ ನಂಟನ್ನು ಹುಡುಕುತ್ತ ಬಂದಿದ್ದಾರೆ. ಅವರ ಕೆಲಸದಲ್ಲಿ ಎಲ್ಲಕ್ಕಿಂತ ಮುಖ್ಯವಾದದ್ದು ಇನ್ನೊಂದು ಗಮನಿಕೆ. ಸ್ಪಿನಾಚ್‌ನಲ್ಲಿ ಗಂಡು ಗಿಡ, ಹೆಣ್ಣು ಗಿಡ ಬೇರೆಬೇರೆ, ಹಾಗಾಗಿ ಒಂದೇ ಪೊಟ್ಟಣದ ಬೀಜಗಳೂ ಒಂದೊಂದು ಬಗೆ. ಒಂದು ಸಸಿಯ ಬೇರು ಹೇರಳ ಭ್ರೂಣ ಕೊಟ್ಟರೆ ಪಕ್ಕದ ಸಸಿಯದು ಒಂದನ್ನೂ ಕೊಡುವುದಿಲ್ಲ. ಎಲ್ಲವನ್ನೂ ಒಟ್ಟಿಗೆ ಅರೆದು ಸರಾಸರಿ ತೆಗೆದರೆ ಈ ಭೇದ ಮುಚ್ಚಿಹೋಗುತ್ತದೆ.

ಇಲ್ಲಿ ಒಂದು ವಿಷಯ ಹೇಳಲೇಬೇಕು. ನಮ್ಮ ಸಂತೆಗಳಲ್ಲಿ ಪಾಲಕ್ ಎಂದು ಕಟ್ಟು ಕಟ್ಟಿ ಮಾರುವ ಸೊಪ್ಪು ಬಹುಪಾಲು ಸ್ಪಿನಾಚ್ ಅಲ್ಲವೇ ಅಲ್ಲ. ಅದು ಬೀಟ್‌ರೂಟ್‌ನ ಜಾತಿಯದು. ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆ ಕೊಟ್ಟ ‘ಅರ್ಕಾ ಅನುಪಮ’ ತಳಿಯೂ ಬೀಟ್ ಪಾಲಕ್ಕೇ. ಆದ್ದರಿಂದ ಸ್ಪಿನಾಚ್ ಬಗ್ಗೆ ಓದಿದ್ದನ್ನು ನೇರವಾಗಿ ನಮ್ಮ ಪಾಲಕ್ಕಿಗೆ ಅಂಟಿಸಬಾರದು. ಅದಕ್ಕೆ ಹತ್ತಿರದ ಸುದ್ದಿ ಬಂದಿರುವುದು ಸಕ್ಕರೆ ಬೀಟ್‌ನಿಂದ: 2020ರಲ್ಲಿ ಜರ್ಮನಿಯ ಸಂಶೋಧಕರು ಜಿಆರ್‌ಎಫ್-5 ಜೀನನ್ನು ಹೆಚ್ಚಿಸಿದಾಗ ಹಟ ಹಿಡಿದಿದ್ದ ಬೀಟ್ ತಳಿಗಳೂ ಚಿಗುರಿದವು. ಒಂದೇ ಜಾತಿಯಾದ್ದರಿಂದ ನಮ್ಮ ಪಾಲಕ್ಕಿನಲ್ಲಿ ಪರೀಕ್ಷಿಸಲು ಇದಕ್ಕಿಂತ ಒಳ್ಳೆಯ ಜೀನ್ ಸದ್ಯಕ್ಕೆ ಇನ್ನೊಂದಿಲ್ಲ.

ಸ್ಪಿನಾಚ್, ಪಾಲಕ್, ದಂಟು ಮೂರನ್ನೂ ಈಗಿನ ಸಸ್ಯಶಾಸ್ತ್ರ ಒಂದೇ ಕುಟುಂಬಕ್ಕೆ ಸೇರಿಸುತ್ತದೆ. ಹಳೆ ಮೈಸೂರಿನವರ ದಂಟು, ಕರಾವಳಿಯವರ ಹರಿವೆ, ಉತ್ತರ ಕರ್ನಾಟಕದವರ ರಾಜಗಿರಿ ಒಂದೇ ಕುಲದವು. ಈ ಕುಲದ ಅಂಗಾಂಶ ಕೃಷಿ 1982ರಷ್ಟು ಹಿಂದೆಯೇ ಅಮೆರಿಕದಲ್ಲಿ ಶುರುವಾಯಿತು. ಕ್ಯಾಲಸ್ ಸುಲಭವಾಗಿ ಬರುತ್ತದೆ, ಬೇರೂ ಬರುತ್ತದೆ. ಚಿಗುರು ಬರಿಸುವುದು ಇವತ್ತಿಗೂ ಕಷ್ಟ. ಕಾಳಿನ ರಾಜಗಿರಿಯ ಜೀನೋಮ್ ಕರಡನ್ನು ಓದಿದ್ದು ಬೆಂಗಳೂರಿನಲ್ಲೇ, 2014ರಲ್ಲಿ, ಎಲೆಕ್ಟ್ರಾನಿಕ್ಸ್ ಸಿಟಿಯ ಐಬಿಎಬಿ ಸಂಸ್ಥೆಯಲ್ಲಿ. ಕುಲದ ಜೀನ್‌ಗಳ ಪಟ್ಟಿ ಮನೆಯಲ್ಲೇ ಇದೆ ಎಂದಾಯಿತು. ಬೇರಿನ ತನಕ ಬರುವ ದಂಟು ಮುಂದಕ್ಕೆ ಹೋಗದೆ ನಿಲ್ಲುವುದು ಪ್ಲೆಥೋರಾ ಏಳದಿರುವುದರಿಂದಲೋ, ವುಶೆಲ್ ಬಾಗಿಲು ಮುಚ್ಚಿರುವುದರಿಂದಲೋ ಎಂದು ದಿನವಾರು ಅಳೆದು ನೋಡುವ ಕೆಲಸ ಕನ್ನಡ ನಾಡಿನ ಸೊಪ್ಪುಗಳಿಗೆ ಸಲ್ಲಬೇಕಾದದ್ದು.

ಅಳೆಯುವುದರಲ್ಲೂ ಎಚ್ಚರ ಬೇಕು. ಒಂದು ಜೀನ್ ಎಷ್ಟು ಚುರುಕಾಗಿದೆ ಎನ್ನುವುದನ್ನು ಅದರ ಆರ್‌ಎನ್‌ಎ ಪ್ರತಿಗಳನ್ನು ಎಣಿಸಿ ಹೇಳುತ್ತಾರೆ, ಸದಾ ಒಂದೇ ಮಟ್ಟದಲ್ಲಿರುವ ಇನ್ನೊಂದು ಜೀನಿಗೆ ಹೋಲಿಸಿ. ಆದರೆ ಎಲೆ ಕ್ಯಾಲಸ್ ಆಗುವಾಗ ಕೋಶದಲ್ಲಿ ಎಲ್ಲವೂ ಅಡಿಮೇಲಾಗುತ್ತಿರುತ್ತದೆ. ಅಳತೆಗೋಲೇ ಹಿಗ್ಗಿ ಕುಗ್ಗಿದರೆ ಅಳತೆಗೆ ಅರ್ಥವಿಲ್ಲ. ಇನ್ನೊಂದು ತೊಡಕು ಕ್ಯಾಲಸ್‌ನ ಒಳರಚನೆಯದು. ಚೀನಾದ ಶು ಲಿನ್ ಮತ್ತು ಸಂಗಡಿಗರು 2021ರಲ್ಲಿ ಒಂದೊಂದೇ ಕೋಶವನ್ನು ಬೇರ್ಪಡಿಸಿ ಓದಿದಾಗ, ಅರಾಬಿಡಾಪ್ಸಿಸ್ ಕ್ಯಾಲಸ್‌ನ ಮಧ್ಯದ ಪದರದ ಕೋಶಗಳಿಗಷ್ಟೇ ಹೊಸ ಅಂಗ ಹುಟ್ಟಿಸುವ ಶಕ್ತಿ ಇರುವುದು ಕಂಡಿತು. ಇಡೀ ಮುದ್ದೆ ಅರೆದು ಅಳೆದರೆ ಆ ಪದರದ ದನಿ ಉಳಿದವುಗಳ ಗದ್ದಲದಲ್ಲಿ ಕೇಳಿಸುವುದಿಲ್ಲ. ಸೊಪ್ಪುಗಳ ಮೇಲಿನ ಬಹಳಷ್ಟು ಪ್ರಬಂಧಗಳು ಇನ್ನೂ ಮುದ್ದೆ ಅರೆಯುವ ಹಂತದಲ್ಲೇ ಇವೆ. ಯಾವ ಜೀನ್ ಚಿಗುರಿನ ಜೊತೆಯಲ್ಲಿ ಏರಿತು ಎಂದು ಅವು ಹೇಳಬಲ್ಲವು. ಅದರಿಂದಲೇ ಚಿಗುರು ಬಂತೇ ಎಂದು ಹೇಳಲಾರವು.

ಎಬ್ಬಿಸಿದ ಜೀನನ್ನು ಮತ್ತೆ ಮಲಗಿಸುವುದೂ ಅಷ್ಟೇ ಮುಖ್ಯ. ಬೇಬಿ ಬೂಮ್, ವುಶೆಲ್‌ಗಳು ಎದ್ದೇ ಇದ್ದರೆ ಸಸಿಗಳು ವಿಕಾರವಾಗುತ್ತವೆ, ಎಷ್ಟೋ ಸಲ ಬಂಜೆಯಾಗುತ್ತವೆ. ಬಾಟಲಿಯ ವಾಸ ಡಿಎನ್‌ಎ ಮೇಲಿನ ರಾಸಾಯನಿಕ ಗುರುತುಗಳನ್ನೂ ಅಳಿಸಬಲ್ಲದು. ಅಂಗಾಂಶ ಕೃಷಿಯ ತಾಳೆಎಣ್ಣೆ ಮರಗಳಲ್ಲಿ ಹಣ್ಣು ವಿಕಾರವಾಗುತ್ತಿದ್ದುದಕ್ಕೆ ‘ಕರ್ಮ’ ಎಂಬ ಡಿಎನ್‌ಎ ತುಣುಕಿನ ಮೇಲಿದ್ದ ಮಿಥೈಲ್ ಗುರುತು ಕಳೆದುಹೋದದ್ದೇ ಕಾರಣವೆಂದು ಮಲೇಷ್ಯಾದ ಸಂಶೋಧಕರು 2015ರಲ್ಲಿ ಪತ್ತೆ ಹಚ್ಚಿದರು. ನೆಟ್ಟು ವರ್ಷಗಳಾದ ಮೇಲಷ್ಟೇ ಬೆಳೆಗಾರರಿಗೆ ಅದು ಗೊತ್ತಾಗುತ್ತಿತ್ತು.

ಮತ್ತೆ ಕಾಡುಬಸಳೆಯ ಎಲೆಗೆ ಬಂದರೆ, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಉತ್ಪಲ್ ನಾಥ್ ಅವರ ತಂಡ 2021ರಲ್ಲಿ ಅದಕ್ಕೆ ಹತ್ತಿರದ ಮಾತೊಂದನ್ನು ಆಡಿತು. ಅರಾಬಿಡಾಪ್ಸಿಸ್‌ನ ಸಾದಾ ಎಲೆಯಲ್ಲಿ ಟಿಸಿಪಿ ಮತ್ತು ನಾಕ್ಸ್-2 ಎಂಬ ಎರಡು ಗುಂಪಿನ ಜೀನ್‌ಗಳನ್ನು ಒಟ್ಟಿಗೆ ತಗ್ಗಿಸಿದಾಗ, ಬೆಳೆದು ನಿಲ್ಲಬೇಕಾದ ಎಲೆ ನಿಲ್ಲದೆ ಕಿರುಎಲೆಗಳ ಮೇಲೆ ಕಿರುಎಲೆ ಹಾಕುತ್ತ ಹೋಯಿತು. ಎಲೆ ಎಲೆಯಾಗಿಯೇ ಉಳಿಯುವುದು ಸುಮ್ಮನೆ ಅಲ್ಲ. ಅದನ್ನು ಪ್ರತಿದಿನ ಹಿಡಿದು ನಿಲ್ಲಿಸುವ ಜೀನ್‌ಗಳಿವೆ. ಹಾರ್ಮೋನು ಹೆಚ್ಚಿಸುವುದರ ಬದಲು ಆ ಹಿಡಿತವನ್ನು ಕೆಲವೇ ದಿನ ಸಡಿಲಿಸುವುದು ಮೊಂಡು ಸೊಪ್ಪುಗಳಿಗೆ ಇನ್ನೊಂದು ದಾರಿಯಾಗಬಹುದು.

ಹೊರಗಿನ ಡಿಎನ್‌ಎ ಉಳಿಯದಂತೆ ತಿದ್ದಿದ ಬೆಳೆಗಳಿಗೆ ಕೇಂದ್ರ ಸರಕಾರ 2022ರಲ್ಲಿ ನಿಯಮ ಸಡಿಲಿಸಿತು, 2025ರಲ್ಲಿ ತಿದ್ದಿದ ಭತ್ತದ ಎರಡು ತಳಿಗಳು ಹೊರಬಂದವು. ಸೊಪ್ಪುಗಳ ಸರದಿ ಬರಬೇಕಾದರೆ ಮೊದಲು ಮಾಡಬೇಕಾದ ಕೆಲಸಕ್ಕೆ ದುಬಾರಿ ಯಂತ್ರವೇನೂ ಬೇಡ. ದಂಟಿನ ತೆನೆ ಅಂಗೈಯಲ್ಲಿ ಉಜ್ಜಿದರೆ ಹೊಳೆಯುವ ಕರಿಬೀಜ ಉದುರುತ್ತದೆ, ಒಂದು ಗ್ರಾಮಿಗೆ ಸಾವಿರಕ್ಕೂ ಹೆಚ್ಚು. ಊರೂರಿನ ಹಸಿರು ದಂಟು, ಕೆಂಪು ದಂಟು, ಮನೆಯಂಗಳದ ಹರಿವೆಯ ಬೀಜ ತಂದು, ಬೆಲ್‌ಗ್ರೇಡ್‌ನಲ್ಲಿ ಸ್ಪಿನಾಚ್‌ಗೆ ಮಾಡಿದ ಹಾಗೆ ಪ್ರತಿ ಸಸಿಯನ್ನೂ ಬೇರೆಬೇರೆ ತಟ್ಟೆಯಲ್ಲಿಟ್ಟು ನೋಡಿದರೆ, ಸಾವಿರದಲ್ಲಿ ಚಿಗುರುವ ಒಂದೆರಡು ಸಿಗಬಹುದು. ಪಕ್ಕದಲ್ಲೇ ಚಿಗುರದೆ ನಿಂತ ಅದರ ಒಡಹುಟ್ಟಿದ ಸಸಿಯ ಜೊತೆ ಅದನ್ನು ಹೋಲಿಸಿ ಓದಬಹುದು.